ಪೂರ್ವದ ಬಾಗಿಲಿನ ಸ್ಪೀಕರ್

ಮೊನ್ನೆ ನಾರಾಯಣಪೇಟೆಯ ನಮ್ಮ ಶಾಲೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಕಟ್ಟುತ್ತಿದ್ದೆವು. ಜವಾನ ಎಲ್ಲಿಂದಲೋ ಒಂದು ಹಳೆಯ ಗೋಂದಿನ ಬಾಟಲಿ ತಂದಿಟ್ಟ. ಈಗಿನ ಬಿಳಿ ಅಂಟಲ್ಲ. ಕಂದು ಬಣ್ಣದ್ದು, ರಬ್ಬರಿನ ಮೂತಿಯದ್ದು, ಬಾಯಿ ಸುತ್ತ ಹರಳುಗಟ್ಟಿದ್ದು. ಮೂತಿ ಒತ್ತಿದ್ದೇ ತಡ, ಆ ಹುಳಿ ಹುಳಿ ವಾಸನೆ ಮೂಗಿಗೆ ಬಂತು ನೋಡಿ, ಕೈಯಲ್ಲಿದ್ದ ಕಟ್ಟು ಕೈಯಲ್ಲೇ ಉಳಿಯಿತು. ಗದ್ವಾಲದ ನಮ್ಮ ಓಣಿ, ಓಣಿಯ ನಡುವೆ ಬಾಗಿಲು ತೆರೆದು ನಿಂತ ಒಂದು ಬಿಳಿ ಕಾರು, ಅದರೊಳಗೆ ತಲೆ ಕೆಳಗೆ ಮಾಡಿ ಕೂತ ಎದುರುಮನೆ ಕಾಕಾ... ಎಲ್ಲ ಒಟ್ಟಿಗೇ ಬಂದವು.

ಕಾಕಾ ತಹಸೀಲ ಕಚೇರಿಯ ದಾಖಲೆ ಕೋಣೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ನಿವೃತ್ತಿಯಾದದ್ದು ಕಾಗದದ ಮೇಲೆ ಮಾತ್ರ. ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ, ಸಕ್ಕರೆ ಡಬ್ಬಿಗೂ ಚೀಟಿ. ಹಳೆಯ ಕೊಡೆ ದುರಸ್ತಿಗೆ ಕೊಟ್ಟರೆ 'ಕಡ್ಡಿ ಎಂಟು, ಮುರಿದದ್ದು ಎರಡು' ಅಂತ ಬರೆದು ದುರಸ್ತಿಯವನ ದಸ್ಕತ್ತು ಹಾಕಿಸಿಕೊಳ್ಳುತ್ತಿದ್ದರು. ರಾಯಚೂರು ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವರ ಮನೆಗೆ ಒಂದು ಬಟ್ಟಲು ಹೋಳಿಗೆ ಸಾರು ಕೊಟ್ಟುಬಂದಿದ್ದೆ. ಬಟ್ಟಲು ವಾಪಸು ಬಂದಾಗ ಒಳಗೆ ಬೆಲ್ಲದ ತುಂಡಿತ್ತು, ಹೊರಗೆ 'ಅಸಲು ಬಟ್ಟಲು ಒಂದು, ಸುಸ್ಥಿತಿಯಲ್ಲಿ' ಅಂತ ಚೀಟಿ ಇತ್ತು. ನಮ್ಮ ಅತ್ತೆ ನಕ್ಕು ನಕ್ಕು ಗೋಡೆ ಹಿಡಿದರು.

ಅವರ ಹೆಂಡತಿ ಕಾಕು ಇದಕ್ಕೆಲ್ಲ ಪೂರಾ ಉಲ್ಟಾ. ಯಾವುದನ್ನೂ ಬರೆದವರಲ್ಲ, ಎಲ್ಲವೂ ಬಾಯಿಪಾಠ. ದಿನವಿಡೀ ಫೋನಿನಲ್ಲಿ ಭಜನೆ ಹಾಡು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಅವರಿಗಿದ್ದ ಒಂದೇ ಹೆದರಿಕೆ ಗಾಡಿ. ಯಾವ ಕಾಲದಲ್ಲೋ ಉಂಡವಳ್ಳಿಗೆ ಜೀಪಿನಲ್ಲಿ ಹೋಗುವಾಗ ಹೊಟ್ಟೆ ತೊಳಸಿ, ಪಕ್ಕದಲ್ಲಿ ಕೂತ ಬೀಗಿತ್ತಿಯ ಹೊಸ ರೇಷ್ಮೆ ಸೀರೆ ಮೇಲೇ ಎಲ್ಲ ಆಗಿಹೋಗಿತ್ತಂತೆ. ಅವತ್ತಿನಿಂದ ಬಸ್ಸು ಬೇಡ, ಜೀಪು ಬೇಡ. ಗದ್ವಾಲದೊಳಗೆ ಕಾಲು ಎಲ್ಲಿಗೆ ಒಯ್ಯುತ್ತದೋ ಅಲ್ಲಿಗಷ್ಟೇ ಪ್ರಯಾಣ.

ಆದರೆ ಕಾಕುವಿನ ಅಕ್ಕ ಇದ್ದದ್ದು ಮಕ್ತಲಿನ ಆಚೆಯ ಮದ್ದೂರಿನಲ್ಲಿ. ಮೊಣಕಾಲು ಹಿಡಿದುಕೊಂಡು ಹೊಸ್ತಿಲು ದಾಟಲಾರದ ಅಕ್ಕ. ಈಕೆ ಗಾಡಿ ಹತ್ತುವುದಿಲ್ಲ, ಆಕೆ ಮನೆ ಬಿಟ್ಟು ಇಳಿಯುವುದಿಲ್ಲ. ನಾಲ್ಕು ವರ್ಷದಿಂದ ಅಕ್ಕ-ತಂಗಿ ಫೋನಿನಲ್ಲೇ ಮಾತಾಡಿ ಫೋನಿನಲ್ಲೇ ಅಳುತ್ತಿದ್ದರು. "ನಿನ್ನ ಮಾರಿ ನೋಡಿ ಸಾಯತೀನವ್ವ" ಅಂತ ಅಕ್ಕ ಅಂದ ದಿನ ಕಾಕು ಊಟ ಮಾಡಲಿಲ್ಲ. ಮರುವಾರ ಕಾಕಾ ಯಾರದ್ದೋ ಬಳಸಿದ ಕಾರು ಕೊಂಡು ತಂದರು.

ಕಾರು ಬಂತು, ಆರತಿಯೂ ಆಯಿತು. ಕುಂಕುಮ ಹಚ್ಚಿದ ಕಾಕು ಕಾರಿನ ಒಳಗೆ ಮಾತ್ರ ಕೂಡಲಿಲ್ಲ. "ಡಬ್ಬಿ ಇದ್ದಂಗ ಐತಿ. ನೀವು ಕೂಡ್ರಿ, ನಾ ಬಾಗಲದಾಗ ನಿಂತು ನೋಡತೀನಿ" ಅಂದರು. ಎರಡು ತಿಂಗಳು ಕಾಕಾ ಒಬ್ಬರೇ ಕಾರಿನಲ್ಲಿ ಹಾಲು ತರಲು ಹೋದರು.

ಒಂದು ಸಂಜೆ ಅವರು ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು. ಒಳಗೆ ತಟ್ಟೆಯಗಲದ ಎರಡು ಸ್ಪೀಕರು.

"ನೋಡು ತಂಗಿ, ಆಕಿಗೆ ಹಾಡು ಕಿವ್ಯಾಗ ಬಿದ್ರ ಲೋಕದ ಖಬರ್ ಇರಂಗಿಲ್ಲ. ಮೊನ್ನೆ ಹಾಡು ಕೇಳಕೋತ ಹಾಲು ಉಕ್ಕಿಸಿದ್ಲು, ನಾ ಹೊರಗ ಇರೋದು ಮರತು ಬಾಗಲಾ ಹಾಕಿದ್ಲು! ಕಾರಿನ್ಯಾಗ ಹಾಡು ಹಚ್ಚಿದ್ರ ಹೊಟ್ಟಿ ತೊಳಸೋದು ಮರೀತಾಳ. ಮದ್ದೂರು ಮುಟ್ಟಿಸಿಬಿಡಾಣ."

"ಅಂಗಡಿಯವರ ಕಡೆ ಹಾಕಸ್ರಿ ಕಾಕಾ."

"ಹೋಗಿದ್ದೆ. ಗಾಡಿ ಎರಡು ದಿನ ಬಿಟ್ಟು ಹೋಗ್ರಿ ಅಂದ. ಗಾಡ್ಯಾಗ ಏನೇನು ಐತಿ ಬರದು ದಸ್ಕತ್ತು ಮಾಡಿ ರಸೀದಿ ಕೊಡು ಅಂದೆ. ನಕ್ಕ ನನ್ಮಗ. ನಗವನ ಕೈಯಾಗ ಅಸಲು ವಸ್ತು ಬಿಡಬಾರದು. ನೀ ಸೈನ್ಸ್ ಟೀಚರಲ್ಲ? ಕರೆಂಟಿಂದು ನಿನಗ ಗೊತ್ತಿರತೈತಿ. ನಾವ ಹಾಕೋಣ."

ಸೈನ್ಸ್ ಟೀಚರು ನಿಜ. ಆದರೆ ನನಗೆ ಗೊತ್ತಿದ್ದ ಕರೆಂಟು ಕರಿಹಲಗೆಯ ಮೇಲಿನದು. ಬಲ್ಬು ಅಂದರೆ ಒಂದು ವೃತ್ತ, ಅದರೊಳಗೆ ಒಂದು ಗುಣಾಕಾರದ ಗುರುತು. ಅಷ್ಟಾದರೂ ನಾನು ಹ್ಞೂಂ ಅಂದೆ. ಬೇಸಿಗೆ ರಜೆ ಇತ್ತು, ಫೋನಿನಲ್ಲಿ ವಿಡಿಯೋ ಇದ್ದವು, ಮೇಲಾಗಿ ಅಕ್ಕನ ಮುಖ ನೋಡಬೇಕೆಂದು ಒಬ್ಬರು ನಾಲ್ಕು ವರ್ಷದಿಂದ ಅಳುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಕೆಲಸ ಶುರು. ನಾನು ಸ್ಕ್ರೂಡ್ರೈವರು ತಗೊಂಡು ಹೋದರೆ ಕಾಕಾ ತಗೊಂಡು ಬಂದದ್ದು ಬಿಳಿ ಹಾಳೆ, ಕಾರ್ಬನ್ನು, ಕಂದು ಲಕೋಟೆಗಳ ಕಟ್ಟು, ಮತ್ತೆ ಆ ಗೋಂದಿನ ಬಾಟಲಿ.

"ಇದ್ಯಾಕ್ರಿ?"

"ಪಂಚನಾಮ ಆಗದ ಒಂದು ಮೊಳಿನೂ ಬಿಚ್ಚಂಗಿಲ್ಲ."

ನಿಜವಾಗಿ ಪಂಚನಾಮ ಆಯಿತು. 'ಸದರಿ ವಾಹನದ ಬಾಗಿಲನ್ನು ಪಂಚರ ಸಮಕ್ಷಮ ತೆರೆಯಲಾಗಿ...' ಅಂತ ಕಾಕಾ ಬರೆಯುತ್ತಾ ಹೋದರು. ಪಂಚರು ಯಾರು? ನಮ್ಮ ಅತ್ತೆ, ಮೂಲೆಯ ಇಸ್ತ್ರಿಯವ, ಹಾದಿಯಲ್ಲಿ ಸಿಕ್ಕ ಹೂವಿನಾಕೆ. ಇಸ್ತ್ರಿಯವ ಮಾತಾಡುತ್ತಿದ್ದದ್ದು ತೆಲುಗು. ದಸ್ಕತ್ತು ಹಾಕುವ ಮೊದಲು ಹೆದರಿಕೊಂಡು, "ಏಂ ಸಾರೂ, ಕಾರು ಮೀದ ಕೇಸಾ?" ಅಂದ. ಕಾರಿನ ಮೇಲೆ ಕೇಸಿಲ್ಲ, ಇದು ಹಾಡಿನ ಕೆಲಸ ಅಂತ ತಿಳಿಸಿ ಹೇಳುವಷ್ಟರಲ್ಲಿ ಅವನ ಇಸ್ತ್ರಿ ಪೆಟ್ಟಿಗೆಯ ಕೆಂಡ ಆರಿತ್ತು.

ಬಿಚ್ಚಿದ ಒಂದೊಂದು ಸ್ಕ್ರೂ ಲಕೋಟೆಗೆ ಹೋಯಿತು, ಲಕೋಟೆಗೆ ಗೋಂದು, ಗೋಂದಿನ ಮೇಲೆ ಚೀಟಿ. ಬಾಗಿಲಿನ ಒಳಹಲಗೆ ಎಳೆದಾಗ 'ಪಟ್' ಅಂತ ಒಂದು ಕ್ಲಿಪ್ಪು ಮುರಿಯಿತು. ಕಾಕಾ ಶಾಂತವಾಗಿ ಬರೆದರು: 'ಕ್ಲಿಪ್ಪು ಒಂದು, ವಯೋಸಹಜವಾಗಿ ತೀರಿಕೊಂಡಿದೆ.'

ಹಾಡಿನ ಪೆಟ್ಟಿಗೆ ಮುಂದಿನ ಹಲಗೆಯಲ್ಲಿ ಮೊದಲೇ ಇತ್ತು. ಹಳೆಯ ಮಾಲಕ ಸ್ಪೀಕರು ಬಿಚ್ಚಿಕೊಂಡು, ತಂತಿ ಕತ್ತರಿಸಿ ಕೊಟ್ಟಿದ್ದ. ಪೆಟ್ಟಿಗೆಯ ಹಿಂದಿನಿಂದ ನಾಲ್ಕು ತಂತಿ ಹೊರಗೆ ಬಂದಿದ್ದವು. ಬಲಗಡೆ ಸ್ಪೀಕರಿಗೆ ಎರಡು, ಎಡಗಡೆಗೆ ಎರಡು. ನಾಲ್ಕೂ ಕರ್ರಗೆ, ಜಿಡ್ಡು ಹತ್ತಿ ಒಂದೇ ಬಣ್ಣ. ನಾನು ಫೋನಿನ ಬೆಳಕು ಬಿಟ್ಟು, ಪೆಟ್ಟಿಗೆಯ ಬೆನ್ನಿನ ಮೇಲಿನ ಸಣ್ಣಕ್ಷರ ಓದಿ, ಒಂದು ತಂತಿ ಹಿಡಿದು, "ಇದು ಬಲಗಡೆದು, ಬರಕೋರಿ" ಅಂದೆ.

ಕಾಕಾ ಪೆನ್ನು ಎತ್ತಿ ಹಿಡಿದರು. "ಯಾರ ಬಲ?"

"ಅಂದ್ರ?"

"ನೀ ಕುಂತೀದಿ, ನಿನ್ನ ಬಲ ಒಂದು. ನಾ ನಿನ್ನ ಎದುರಿಗೆ ನಿಂತೀನಿ, ನನ್ನ ಬಲ ಬ್ಯಾರೆ. ಹಿಂಗ ಬಲ-ಎಡ ಬರದ ಎಷ್ಟು ಹೊಲದ ವ್ಯಾಜ್ಯ ಹುಟ್ಯಾವ ಗೊತ್ತೇನು? ದಾಖಲ್ಯಾಗ ದಿಕ್ಕು ಬರೀಬೇಕು. ದಿಕ್ಕು ಯಾರಪ್ಪಂದೂ ಅಲ್ಲ."

ಮಾತು ಎಷ್ಟು ಸರಿ ಅನಿಸಿತೆಂದರೆ ನಾನು ತಲೆ ಅಲ್ಲಾಡಿಸಿದೆ. ಕಾರಿನ ಮೂತಿ ಉತ್ತರಕ್ಕಿತ್ತು. ಹಾಗಾಗಿ ಬಲಗಡೆಯ ತಂತಿಗೆ 'ಪೂರ್ವ' ಅಂತ ಚೀಟಿ ಬಿತ್ತು. ಇನ್ನೊಂದು ತಂತಿ ಹುಡುಕಿ ಎಡಗಡೆಯದು ಅಂದೆ. ಅದಕ್ಕೆ 'ಪಶ್ಚಿಮ' ಚೀಟಿ ಬಿತ್ತು. ಉಳಿದೆರಡು ತಂತಿ ಒಳಗೆಲ್ಲೋ ಸಿಕ್ಕಿಹಾಕಿಕೊಂಡಿದ್ದವು. ಅಷ್ಟರಲ್ಲಿ ಕಾಕು ಗೊಜ್ಜವಲಕ್ಕಿ ತಂದರು, ಅಲ್ಲಿಗೆ ಕಚೇರಿ ಮುಚ್ಚಿತು.

ಶನಿವಾರ ಬೆಳಿಗ್ಗೆ ಓಣಿಗೆ ನೀರಿನ ಟ್ಯಾಂಕರು ಬಂತು. ದಾರಿ ಬಿಡಲೆಂದು ಕಾಕಾ ಒಂದು ಬಾಗಿಲಿಗೆ ಒಳಹಲಗೆಯೇ ಇಲ್ಲದ ಆ ಕಾರನ್ನು ಹೊರಗೆ ಒಯ್ದು, ಓಣಿಯ ಆ ಕೊನೆಯಿಂದ ಸುತ್ತಿ ಬಂದು ಅದೇ ಜಾಗದಲ್ಲಿ ನಿಲ್ಲಿಸಿದರು. ಜಾಗ ಅದೇ. ಮೂತಿ ಮಾತ್ರ ಈಗ ದಕ್ಷಿಣಕ್ಕೆ, ಬಲಬಾಗಿಲು ಪಶ್ಚಿಮಕ್ಕೆ.

ಇಬ್ಬರಿಗೂ ಅದು ಹೊಳೆಯಲಿಲ್ಲ ನೋಡಿ. ಮೂವತ್ತು ವರ್ಷ ದಾಖಲೆ ಕೋಣೆಯಲ್ಲಿದ್ದವರು ಅವರು. ನಾಲ್ಕು ದಿಕ್ಕಿನ ಗಡಿ ಗುರುತಿಸಿ ಚಕ್ಕುಬಂದಿ ಬರೆದಿಟ್ಟ ಹೊಲ ಒಂದೇ ಒಂದು ಸಲವೂ ರಾತ್ರಿ ಬೆಳಗಾಗುವುದರೊಳಗೆ ತಿರುಗಿ ಮಲಗಿದ್ದನ್ನು ಅವರು ಕಂಡಿರಲಿಲ್ಲ. ನಾನೋ, ಭೂಮಿ ತಿರುಗುತ್ತದೆ ಅಂತ ಮಕ್ಕಳಿಗೆ ಪಾಠ ಹೇಳುವವಳು, ಕಾರು ತಿರುಗಿದ್ದು ನೋಡಲಿಲ್ಲ. ಉಳಿದೆರಡು ತಂತಿ ಸಿಕ್ಕವು. ಬೆರಳು ಮಾಡಿ ತೋರಿಸಿದೆ. ಕಾಕಾ ಸೂರ್ಯನನ್ನು ನೋಡಿಕೊಂಡು ಚೀಟಿ ಹಚ್ಚಿದರು. ಪೂರ್ವ ಪೂರ್ವ ಒಂದು ಜೋಡಿ, ಪಶ್ಚಿಮ ಪಶ್ಚಿಮ ಒಂದು ಜೋಡಿ. ಹೀಗೆ ಒಂದೊಂದು ಸ್ಪೀಕರಿಗೂ ಬಲದ್ದೊಂದು, ಎಡದ್ದೊಂದು ತಂತಿ ಕೂಡಿಕೊಂಡವು.

ಸಂಜೆ ಸ್ವಿಚ್ಚು ಹಾಕಿದೆವು. ಪೆನ್‌ಡ್ರೈವಿನಿಂದ ಹಾರ್ಮೋನಿಯಂ ಬಂತು, ತಾಳ ಬಂತು, ಕೊಳಲು ಬಂತು. ಪಂಚರು ಚಪ್ಪಾಳೆ ತಟ್ಟಿದರು. ಹಾಡುವವರು ಬಾಯಿ ತೆರೆಯುವ ಮೊದಲೇ ಕಾಕಾ ಆರಿಸಿಬಿಟ್ಟರು. "ಸಾಕು. ಬಾಕಿ ಹಾಡು ಆಕಿ ಕುಂತ ಮ್ಯಾಲೆ."

ಭಾನುವಾರ ಮುಂಜಾನೆ ಕಾಕು ಕಾರಿನ ಬಾಗಿಲಿಗೆ ಬಂದರು. ಮೂಗಿಗೆ ಲಿಂಬೆಹಣ್ಣು, ತಲೆಗೆ ಸೆರಗು, ಕೈಯಲ್ಲಿ ಮೂರು ಪ್ಲಾಸ್ಟಿಕ್ ಚೀಲ. ಹಿಂದಿನ ಸೀಟಿನಲ್ಲಿ ನಾನು.

"ನೋಡ್ರಿ, ಮೂಲಿ ತನಕ ಹೋಗತೀನಿ. ಹೊಟ್ಟಿ ತೊಳಸಿತು ಅಂದ್ರ ಅಲ್ಲೇ ಇಳಿಯಾಕಿ. ಮತ್ತ ಜಲ್ಮದಾಗ ಇದರ ಹೆಸರು ಎತ್ತಂಗಿಲ್ಲ. ಅಕ್ಕನ್ನ ದೇವರ ನೋಡಿಕೊಳ್ಳಲಿ."

"ಕೂಡು. ಹಾಡು ಕೇಳು ಮೊದಲು" ಅಂದರು ಕಾಕಾ. ಮದ್ದೂರಿಗೆ ಹೋಗುವುದೆಲ್ಲ ಆ ಮೂಲೆಯ ಇಪ್ಪತ್ತು ಮಾರು ದಾರಿಯ ಮೇಲೆ ನಿಂತಿತ್ತು.

ಕಾರು ಹೊರಟಿತು. ಹಾರ್ಮೋನಿಯಂ ಚೆಂದಾಗಿ ಎತ್ತಿಕೊಂಡಿತು, ತಾಳ ಕೂಡಿತು. ಇನ್ನೇನು ಹಾಡು ಬರಬೇಕು... ಬರಲಿಲ್ಲ. ವಾದ್ಯಗಳೆಲ್ಲ ತಮ್ಮ ಪಾಡಿಗೆ ನಡೆದಿದ್ದವು, ಹಾಡುವವರ ಧ್ವನಿ ಮಾತ್ರ ಇಲ್ಲ. ಎಲ್ಲೋ ಬಾವಿಯೊಳಗಿನಿಂದ ಒಂದು ನೆರಳಿನಂಥ ಸಪ್ಪಳ, ಅಷ್ಟೆ.

ಕಾಕು ಲಿಂಬೆಹಣ್ಣು ಕೆಳಗಿಳಿಸಿದರು. "ಹಾಡವರು ಎಲ್ಲಿ ಹೋದ್ರು?"

ಕಾಕಾ ಧ್ವನಿಯ ಗುಂಡಿ ತಿರುವಿದರು. ಅವರ ಕಿವಿ ಕೆಂಪಾದವು.

"ಏನ್ರಿ, ಅವರಿಗೂ ಹೊಟ್ಟಿ ತೊಳಸಿ ಇಳಿದುಬಿಟ್ರೇನು?"

ಹಿಂದೆ ಕೂತ ನನಗೆ ಸೀಟಿನೊಳಗೆ ಇಳಿದುಹೋಗುವ ಹಾಗಾಯಿತು. ಮೂಲೆ ಬಂತು. ಕಾಕಾ ಕಾರು ನಿಲ್ಲಿಸಿ, ಆರಿಸಲು ಕೈ ಚಾಚಿದರು. ಆ ಹೊತ್ತಿಗೆ ಹಾರ್ಮೋನಿಯಂ ಪೇಟಿ ಪಲ್ಲವಿಯ ಸ್ವರ ಮತ್ತೊಮ್ಮೆ ನುಡಿಸಿ, ಯಾರನ್ನೋ ಕರೆದು ನಿಂತ ಹಾಗೆ ನಿಂತಿತು.

"ತಡೀರಿ, ಪಾಪ, ಪೇಟಿ ಕಾಯಾಕ ಹತ್ತೈತಿ" ಅಂದರು ಕಾಕು. ಅಂದವರೇ ಹಾಡು ಎತ್ತಿಕೊಂಡರು.

ರೊಟ್ಟಿ ಬಡಿಯುವಾಗ ಗುನುಗುವುದನ್ನು ಕೇಳಿದ್ದೆ. ಈ ತುಂಬಿದ ದನಿ ಕೇಳಿರಲಿಲ್ಲ. ಎರಡು ಬಾಗಿಲಿನಿಂದ ವಾದ್ಯ, ನಡುವೆ ಕಾಕು. ಬಿಟ್ಟುಹೋದ ಜಾಗ ಅವರ ಅಳತೆಗೇ ಮಾಡಿಸಿದ ಹಾಗಿತ್ತು. ಕಾಕಾ ಮೆಲ್ಲಗೆ ಕಾಲು ಒತ್ತಿದರು. ಮೂಲೆ ದಾಟಿತು, ಪೇಟೆ ದಾಟಿತು. ಮೊದಲ ಹಾಡು ಮುಗಿದಾಗ ಗದ್ವಾಲ ಹಿಂದೆ ಬಿದ್ದಿತ್ತು. ಎರಡನೆಯದರ ನಡುವೆ ಜೂರಾಲದ ಅಣೆಕಟ್ಟೆ ಬಂತು. ಕಾಕು ಹಾಡುತ್ತಲೇ ಕಿಟಕಿಯಿಂದ ನದಿಗೆ ಕೈ ಮುಗಿದರು. ಮಕ್ತಲಿನಲ್ಲಿ ಚಹಾಕ್ಕೆ ನಿಂತಾಗ ಅವರಿಗೆ ಮೊದಲ ಸಲ ನೆನಪಾಯಿತು. "ಅಯ್ಯ, ನನಗ ವಾಂತಿ ಆಗಬೇಕಿತ್ತಲ್ಲ?"

"ಬರಕೊಂಡೇನು, ಆಗಿಲ್ಲಂತ?" ಅಂದರು ಕಾಕಾ.

"ನಿಮ್ಮ ತಲಿ ಬರಕೋರಿ. ಮುಂದಿನ ಹಾಡು ಹಚ್ಚು ತಂಗಿ."

ಮದ್ದೂರಿನಲ್ಲಿ ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಂಗಿ ಕಾರಿನಿಂದ ಇಳಿದದ್ದನ್ನು ನೋಡಿ, "ಯಾರ್ರೀ ಈ ಮುದುಕಿ, ನನ್ನ ತಂಗಿ ಹಂಗ ಕಾಣತಾಳ" ಅಂದರು. ಕಾಕು ಓಡಿಹೋಗಿ ಆ ಮೊಣಕಾಲುಗಳನ್ನೇ ತಬ್ಬಿ ಕೂತರು. ಆಮೇಲೆ ಅತ್ತದ್ದು ನಕ್ಕದ್ದು ಬೇರೆ ಬೇರೆ ಮಾಡಿ ಹೇಳಲಾರೆ. ಊಟವಾದ ಮೇಲೆ ಅಕ್ಕನನ್ನು ನಾವು ಮೂವರೂ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಕಾರು ಅಂಗಳದಲ್ಲೇ ನಿಂತಿತ್ತು. ಅಕ್ಕ-ತಂಗಿ ಹೊತ್ತು ಇಳಿಯುವವರೆಗೂ ಹಾಡಿದರು. ನಡುನಡುವೆ "ಆ ನುಡಿ ನಿನಗ ಬರಂಗಿಲ್ಲ, ಸುಮ್ಮನಿರು" ಅಂತ ಜಗಳ ಬೇರೆ.

ಸೋಮವಾರ ನನಗೆ ತಪ್ಪು ಸಿಕ್ಕಿತು. ಬೆಳಿಗ್ಗೆ ಹಾಳೆಯ ಮೇಲೆ ಕಾರು ಬರೆದು ದಿಕ್ಕು ಹಾಕುತ್ತಾ ಹೋದಾಗ ಟ್ಯಾಂಕರು ನೆನಪಾಯಿತು. ಎರಡೂ ಕಡೆ ಸಮನಾಗಿ ಬರುವ ಧ್ವನಿ, ತಂತಿ ಹೀಗೆ ಅದಲುಬದಲಾದರೆ ಒಂದನ್ನೊಂದು ನುಂಗಿಬಿಡುತ್ತದೆ. ಹಾಡುವವರ ದನಿ ಎರಡೂ ಕಡೆ ಸಮನಾಗಿ ಇರುತ್ತದೆ, ಹಾಗಾಗಿ ಅದೇ ಹೋಗಿತ್ತು. ನಾಚಿಕೆಯಿಂದ ಸ್ಕ್ರೂಡ್ರೈವರು ಹಿಡಿದುಕೊಂಡು ಹೋಗಿ, "ಕಾಕಾ, ಎರಡು ತಂತಿ ಬದಲಿ ಮಾಡಿದ್ರ ಹಾಡವರು ವಾಪಸ್ ಬರತಾರ" ಅಂದೆ.

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಕಾರು ತಿರುಗಿತ್ತು ಅಂತೀ?"

"ಹೌದ್ರಿ."

ಸೂರ್ಯನನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. ಇಷ್ಟು ವರ್ಷ ತಾವು ನಂಬಿದ್ದ ದಿಕ್ಕುಗಳ ಬಗ್ಗೆ ಏನು ಯೋಚಿಸಿದರೋ... ಆಮೇಲೆ ಒಳಗೆ ಹೋಗಿ ಪಂಚನಾಮದ ಹಾಳೆ ತಂದು, ಕೆಳಗೆ ಒಂದು ಸಾಲು ಕೂಡಿಸಿದರು: 'ಸದರಿ ತಂತಿಗಳ ವಿಷಯದಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು.' ನನ್ನ ದಸ್ಕತ್ತು ಹಾಕಿಸಿಕೊಂಡರು. ಸ್ಕ್ರೂಡ್ರೈವರನ್ನು ಮಾತ್ರ ಜಪ್ತಿ ಮಾಡಲಿಲ್ಲ.

ಮುಂದೆ ಮೂರು ವರ್ಷ ಆ ಕಾರು ತಿಂಗಳಿಗೊಮ್ಮೆ ಮದ್ದೂರಿಗೆ ಹೋಯಿತು. ಹಾದಿಯಲ್ಲಿ ಯಾರಾದರೂ ಹತ್ತಿ, "ಸಾರ್, ಸ್ಪೀಕರ್ ಕೆಟ್ಟಾವು" ಅಂದರೆ ಕಾಕಾ, "ಕೆಟ್ಟಿಲ್ಲ, ದಾಖಲಾದ ಪ್ರಕಾರ ಅದಾವ" ಅನ್ನುತ್ತಿದ್ದರು. ಅವರು ತೀರಿಹೋದದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ, ಕುರ್ಚಿಯಲ್ಲೇ. ನಾವು ಆಗಲೇ ನಾರಾಯಣಪೇಟೆಗೆ ಬಂದಾಗಿತ್ತು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರನ್ನು ಅವರ ಅಳಿಯ ಒಯ್ದ. ಒಯ್ದ ವಾರವೇ ಯಾವುದೋ ಅಂಗಡಿಗೆ ಬಿಟ್ಟು ಸ್ಪೀಕರು ಸರಿಮಾಡಿಸಿದನಂತೆ. ಅವನಿಗೇನು ಗೊತ್ತು, ಅವನದೇನೂ ತಪ್ಪಿಲ್ಲ. ಕಾಕು ಮದ್ದೂರಿಗೆ ಹೋಗಿ ಅಕ್ಕನ ಜೊತೆ ಉಳಿದರು.

ಹೋದ ತಿಂಗಳು ಅವರನ್ನು ಮಕ್ತಲಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿತ್ತು. ನನ್ನ ಕಾರಿನಲ್ಲಿ ಹೋದೆವು. ಲಿಂಬೆಹಣ್ಣಿಲ್ಲ, ಚೀಲವಿಲ್ಲ, ಮುಂದಿನ ಸೀಟಿನಲ್ಲಿ ಯಜಮಾನಿಯ ಹಾಗೆ ಕೂತರು. ಖುಷಿಯಾಗಲಿ ಅಂತ ಅದೇ ಹಾಡು ಹಚ್ಚಿದೆ. ಪೂರಾ ಕೇಳಿದರು, ಕೈ ಮಡಿಲಲ್ಲೇ ಇತ್ತು, ತುಟಿ ಅಲ್ಲಾಡಲಿಲ್ಲ.

"ಆರಿಸು ತಂಗಿ."

"ಸರಿ ಕೇಳಸವಲ್ದೇನ್ರಿ?"

"ಛಲೋನ ಕೇಳಸತೈತಿ. ನನ್ನ ಜಾಗದಾಗ ಯಾರೋ ಕುಂತಾರ."

ಆರಿಸಿದೆ. ರಸ್ತೆಯ ಸಪ್ಪಳ ಒಂದೇ ಉಳಿಯಿತು. ಸ್ವಲ್ಪ ದೂರ ಹೋದ ಮೇಲೆ ನಾನೇ, "ಬರೇ ಬಾಯಿಲೆ ಹಾಡ್ರಿ ಕಾಕು" ಅಂತ ಸ್ಟೇರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕಿದೆ.

"ಏ, ಖೋಡಿ, ಅದು ತಾಳ ಅಲ್ಲ, ಬಾಗಲಾ ಬಡದಂಗಾತು" ಅಂತ ಜೋರಾಗಿ ನಕ್ಕರು. ಆದರೂ ಎತ್ತಿಕೊಂಡರು. ದನಿ ಸಣ್ಣಗಾಗಿದೆ, ಮೇಲಿನ ಸ್ವರಕ್ಕೆ ಈಗ ಏದುಸಿರು ಬರುತ್ತದೆ. ನನ್ನ ತಪ್ಪು ತಾಳಕ್ಕೆ ತಾವೇ ಹೊಂದಿಕೊಂಡು ಎರಡು ನುಡಿ ಹಾಡಿದರು. ಮಕ್ತಲಿನ ಮನೆಗಳು ಕಾಣತೊಡಗಿದಾಗ ಹಾಡು ನಿಲ್ಲಿಸಿ, ಬಲಕ್ಕೆ ಹೊರಳಿ, "ಸಾವಕಾಶ ಹೊಡೀರಿ, ಹಾಡು ಮುಗಿಯೋಕಿಂತ ಮೊದಲ ಊರು ಬಂದುಬಿಡತೈತಿ" ಅಂದರು.

ಕಾಕಾನಿಗೆ ಅನ್ನುತ್ತಿದ್ದ ಹಾಗೆ ಅಂದು, ನನ್ನ ಮುಖ ನೋಡಿ, ಕಿಟಕಿಯ ಕಡೆ ಹೊರಳಿದರು.

ಕಾರು ಸಾವಕಾಶ ಮಾಡಿದೆ. ಒಂದು ಲಾರಿ ಹಿಂದಿನಿಂದ ಹಾರ್ನು ಹೊಡೆದು ನಮ್ಮನ್ನು ದಾಟಿ ಹೋಯಿತು, ಆಮೇಲೆ ಒಂದು ಬಸ್ಸು. ಅದೂ ದಾಟಿದ ಮೇಲೆ ಕಾಕು ಮುಂದಿನ ನುಡಿ ಶುರು ಮಾಡಿದರು.